ದಿಮ್ಮಿ ಇತ್ತು

ಮದ್ದೂರಿನಿಂದ ವೈದ್ಯನಾಥಪುರಕ್ಕೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ಗದ್ದೆ ಶುರುವಾಗುವ ಕಡೆ ಖುರ್ಷೀದ್ ಬೇಗಂ ಮನೆ ಇದೆ. ಬೋರ್ಡು ಇಲ್ಲ. ಅಂಗಳದಲ್ಲಿ ಯಾವಾಗಲೂ ಒಂದು ಹಳೇ ಜೆಸಿಬಿಯೋ, ಚಕ್ರ ಬಿಚ್ಚಿಸಿಕೊಂಡ ಫೋರ್ಕ್‌ಲಿಫ್ಟೋ ನಿಂತಿರುತ್ತದೆ. ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿದೆ. ಹೊಸಬರು ಬಂದು ಮೆಕ್ಯಾನಿಕ್ ಇಲ್ಲವೇ ಎಂದು ಕೇಳಿದರೆ ಖುರ್ಷೀದ್ ಮಿಷನ್ನಿನ ಹಿಂದಿನಿಂದ ಎದ್ದು ಬರುತ್ತಾಳೆ. ಸೀರೆಯ ಮೇಲೆ ಗಂಡನ ಹಳೇ ಖಾಕಿ ಅಂಗಿ, ಮೊಣಕೈವರೆಗೂ ಗ್ರೀಸು. ಬಂದವರು ಅವಳ ಬೆನ್ನ ಹಿಂದೆ ಇನ್ಯಾರನ್ನೋ ಹುಡುಕುತ್ತಾರೆ. ಅವಳಿಗೆ ಪಿತ್ತ ನೆತ್ತಿಗೇರುವುದು ಅಲ್ಲಿಂದಲೇ.

ಅವಳ ಸಿಟ್ಟು ಮದ್ದೂರಿಗೆಲ್ಲ ಗೊತ್ತು. ಅದು ಎಲ್ಲಿ ಹುಟ್ಟಿತು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಖುರ್ಷೀದ್ ಮಳವಳ್ಳಿಯವಳು. ಅಪ್ಪ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಮದುವೆಯಾಗಿ ಬಂದದ್ದು ಮದ್ದೂರಿನ ಜಲಾಲ್ ಮನೆಗೆ. ಜಲಾಲ್ ಮಂಡ್ಯದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಆಮೇಲೆ ಮನೆಯ ಅಂಗಳದಲ್ಲೇ ರಿಪೇರಿ ಶುರು ಮಾಡಿದವನು. ಕಂಪನಿಯವರು ಇನ್ನು ಬಿಡಿಭಾಗ ಸಿಗುವುದಿಲ್ಲ ಎಂದು ಕೈಬಿಟ್ಟ ಮಿಷನ್ನುಗಳೇ ಅವನಿಗೆ ಬರುತ್ತಿದ್ದವು. ಮಣ್ಣು ತೋಡಿ ತೋಡಿ ಹಲ್ಲುದುರಿದ ಬಕೆಟ್ಟುಗಳು, ಎತ್ತಿದ ಮೂಟೆಯನ್ನು ಇಳಿಸಲಾರದ ಫೋರ್ಕ್‌ಲಿಫ್ಟುಗಳು. ಮಾತು ಕಮ್ಮಿ, ಕೆಲಸ ನಿಧಾನ. ಆ ನಿಧಾನಕ್ಕಾಗಿ ಎಷ್ಟೋ ಜನ ಬೈಯುತ್ತಿದ್ದರು, ಅವನು ಮುಗುಳ್ನಗುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಜಲಾಲ್ ಹಠಮಾರಿ. ಜೆಸಿಬಿಯ ಮುಂದಿನ ದೊಡ್ಡ ಬಕೆಟ್ಟನ್ನು ಎತ್ತುವುದು ಎರಡು ಕಬ್ಬಿಣದ ತೋಳು. ಆ ತೋಳನ್ನು ಮೇಲೆ ನಿಲ್ಲಿಸುವುದು ಪೈಪಿನೊಳಗಿನ ಎಣ್ಣೆ. ಪೈಪು ಬಿಚ್ಚಿದರೆ ಎಣ್ಣೆ ಹೊರಗೆ ಹಾರುತ್ತದೆ, ತೋಳು ಕೆಳಗೆ ಬೀಳುತ್ತದೆ. ಅದಕ್ಕೇ ಕೆಳಗೆ ಹೋಗುವ ಮೊದಲು ತೋಳಿನಡಿ ಒಂದು ಗಟ್ಟಿ ಮರದ ದಿಮ್ಮಿ ನಿಲ್ಲಿಸಬೇಕು. ಆ ದಿಮ್ಮಿಯನ್ನು ಜಲಾಲ್ ಬೇರೆ ಯಾರ ಕೈಯಲ್ಲೂ ಇಡಿಸುತ್ತಿರಲಿಲ್ಲ. ತಾನೇ ಇಟ್ಟು, ಕಾಲಿನಿಂದ ಒಮ್ಮೆ ಒದ್ದು ನೋಡಿ, ಬಿಸ್ಮಿಲ್ಲಾ ಎಂದು ಕೆಳಗೆ ನುಗ್ಗುತ್ತಿದ್ದ. ಸಾಬರಿಗೆ ಪ್ರಾಣಭಯ ಜಾಸ್ತಿ ಎಂದು ಡ್ರೈವರುಗಳು ನಗುತ್ತಿದ್ದರು. ಖುರ್ಷೀದ್ ಟೀ ಹಿಡಿದುಕೊಂಡು ಅಂಗಳಕ್ಕೆ ಬಂದಾಗಲೆಲ್ಲ ಆ ಒದೆತದ ಸದ್ದು ಕೇಳಿದ್ದಳು.

ಅಂಬರೀಶ್ ಆಗ ಸಣ್ಣ ಕಂಟ್ರಾಕ್ಟರು. ನಾಲೆ ರಿಪೇರಿ, ಹಳ್ಳಿ ರಸ್ತೆ, ಚರಂಡಿ, ಏನು ಸಿಕ್ಕಿದರೂ ಹಿಡಿಯುತ್ತಿದ್ದ. ಒಂದು ಟಿಪ್ಪರು, ಹರಾಜಿನಲ್ಲಿ ಕೊಂಡ ಒಂದು ಮುದಿ ಜೆಸಿಬಿ ಅವನದು. ಆ ಜೆಸಿಬಿಯ ಡ್ರೈವರು ಬಂಡೂರಿನ ರಂಜಿತ, ರಿಪೇರಿ ಯಾವಾಗಲೂ ಜಲಾಲನದೇ. ಮಳವಳ್ಳಿ ಕಡೆ ನಾಲೆಯ ದಂಡೆಯಲ್ಲಿ ಕೆಲಸ ನಡೆಯುತ್ತಿದ್ದಾಗ ಬಕೆಟ್ಟಿನ ಪೈಪು ಸೋರತೊಡಗಿತು. ಮಿಷನ್ನನ್ನು ಮದ್ದೂರಿಗೆ ತರುವಷ್ಟು ಪುರಸೊತ್ತಿಲ್ಲ, ನೀವೇ ಬನ್ನಿ ಎಂದು ಅಂಬರೀಶ್ ಜಲಾಲನನ್ನು ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಹೋದ.

ಮಧ್ಯಾಹ್ನ ಖುರ್ಷೀದಳಿಗೆ ಫೋನು ಬಂತು. ಅವಳು ಮಂಡ್ಯದ ಆಸ್ಪತ್ರೆ ತಲುಪುವ ಹೊತ್ತಿಗೆ ಜಲಾಲನನ್ನು ಒಳಗೆ ತೆಗೆದುಕೊಂಡು ಹೋಗಿದ್ದರು. ತೋಳು ಬೆನ್ನ ಮೇಲೆ ಬಿದ್ದಿತ್ತು. ಬದುಕಿದ್ದೇ ಹೆಚ್ಚು ಎಂದರು. ಹೊರಗೆ ಅಂಬರೀಶ್ ನಿಂತಿದ್ದ, ಅವನ ಹಿಂದೆ ನೆಲ ನೋಡಿಕೊಂಡು ರಂಜಿತ.

"ಅಷ್ಟು ಯೇಳ್ದೆ ಕಣಮ್ಮ, ದಿಮ್ಮಿ ಮಡಗು ಸಾಬಿ ಅಂತ. ಕೇಳ್ನಿಲ್ಲ," ಎಂದ ಅಂಬರೀಶ್. "ಅರ್ಜೆಂಟಲ್ಲಿ ಅಂಗೇ ನುಗ್ಗುಬುಟ್ಟ."

ದಿಮ್ಮಿ ಇಡದೆ ನನ್ನ ಗಂಡ ಕೆಳಗೆ ಹೋಗುವವರಲ್ಲ ಎಂದಳು ಖುರ್ಷೀದ್. ನಾನು ಅಲ್ಲೇ ಇದ್ದೆನಮ್ಮಾ, ನೀನಿದ್ದೆಯಾ ಎಂದು ಅವನು ಕೇಳಿದ. ಅವಳು ರಂಜಿತನ ಮುಖ ನೋಡಿದಳು, ಅವನು ನೀರು ಕುಡಿದು ಬರುತ್ತೇನೆ ಎಂದು ಹೋದವನು ತಿರುಗಿ ಬರಲಿಲ್ಲ.

ಪೊಲೀಸರೂ ಅಂಬರೀಶ್ ಹೇಳಿದ್ದನ್ನೇ ಬರೆದುಕೊಂಡರು. ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯ ಬೆಂಚಿನಲ್ಲಿ ಕೂತು ಅಂಬರೀಶ್ ಅದನ್ನೇ ದಿನವೂ ಹೇಳಿದ. ಪಾಪ ಒಳ್ಳೆ ಮನುಷ್ಯ, ಆದರೆ ಬೇಜವಾಬ್ದಾರಿ, ನನ್ನ ಹೆಸರೂ ಕೆಡಿಸಿದ. ಮಿಷನ್ನು ಇಟ್ಟುಕೊಂಡವರು ಕೂರುವ ಜಾಗವೇ ಅದು. ಜಲಾಲ್ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮನೆಗೆ ಬರುವ ಮೊದಲೇ ಆ ಮಾತು ಊರೆಲ್ಲ ತಿರುಗಿ ಬಂದಿತ್ತು. ನೋಡಲು ಬಂದವರು ಕಿತ್ತಳೆ ಹಣ್ಣಿನ ಜೊತೆ ಅದನ್ನೂ ತಂದರು. ಒಂದು ದಿಮ್ಮಿ ಇಟ್ಟಿದ್ದರೆ ಆಗುತ್ತಿತ್ತಲ್ಲ ಜಲಾಲಣ್ಣ ಎಂದು ಮಂಚದ ಪಕ್ಕ ಕೂತು ಮರುಗಿದರು. ಖುರ್ಷೀದ್ ಅಂಥವರಿಗೆ ಟೀ ಕೊಡುವುದನ್ನು ನಿಲ್ಲಿಸಿದಳು.

ಮೊದಮೊದಲು ಜಲಾಲ್, ಇಟ್ಟಿದ್ದೆ, ಇಟ್ಟಿದ್ದ ನೆನಪಿದೆ ಎನ್ನುತ್ತಿದ್ದ. ಆಮೇಲೆ, ಇಟ್ಟಿದ್ದೆ ಅನಿಸುತ್ತದೆ ಎಂದ. ಒಂದು ದಿನ ಅವಳು ಊಟ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತಾಗ, ಮರೆತಿರಬಹುದು ಖುರ್ಷೀದ್, ಮನುಷ್ಯನೇ ತಾನೇ, ಎಂದುಬಿಟ್ಟ. ಅವಳು ತಟ್ಟೆಯನ್ನು ಗೋಡೆಗೆ ಎಸೆದಳು. ಅನ್ನ ಸಾರು ಸುಣ್ಣದ ಮೇಲೆ ಇಳಿಯಿತು. ಕಾಲು ಹೋಗಿದ್ದಕ್ಕಿಂತ ಆ ಮಾತು ಅವಳಿಗೆ ಹೆಚ್ಚು ಉರಿ ತರಿಸಿತು. ಪರರು ಹೇಳಿದ ಸುಳ್ಳು ತನ್ನ ಗಂಡನ ತಲೆಯೊಳಗೇ ಹೋಗಿ ಮನೆ ಮಾಡಿತ್ತು. ಅದನ್ನು ಹೊರಗೆ ಎಳೆದು ಹಾಕಲು ಅವಳಿಗೆ ದಾರಿಯಿರಲಿಲ್ಲ. ಅಡಿಗೆಮನೆಗೆ ಹೋಗಿ, ನೀವು ಮರೆಯುವವರಲ್ಲ, ನೀವು ಮರೆಯುವವರಲ್ಲ, ಎಂದು ಪಾತ್ರೆಗಳಿಗೆ ಕೂಗಿದಳು.

ಅವಳು ರಿಪೇರಿಗೆ ಕೈ ಹಾಕಿದ್ದು ಅದೇ ಸಿಟ್ಟಿನಲ್ಲಿ.

ಅಪಘಾತಕ್ಕೆ ಮೊದಲು ಬಂದಿದ್ದ ಒಂದು ಫೋರ್ಕ್‌ಲಿಫ್ಟು ಅಂಗಳದಲ್ಲಿ ಅರ್ಧ ಬಿಚ್ಚಿಸಿಕೊಂಡು ನಿಂತಿತ್ತು. ಅದು ಪಂಕಜಮ್ಮನದು. ಪಂಕಜಮ್ಮ ಗಂಡ ತೀರಿಕೊಂಡ ಮೇಲೆ ಮದ್ದೂರಿನ ಗೊಬ್ಬರದ ಗೋದಾಮನ್ನು ತಾನೇ ನೋಡಿಕೊಳ್ಳುತ್ತಿದ್ದ ಬ್ರಾಹ್ಮಣರ ಹೆಂಗಸು, ನೇರ ಮಾತಿನವರು. ಫೋರ್ಕ್‌ಲಿಫ್ಟನ್ನು ಹೇಗಿದೆಯೋ ಹಾಗೆ ಎಳೆಸಿಕೊಂಡು ಹೋಗುತ್ತೇನೆ ಎಂದು ಆಟೋದಲ್ಲಿ ಬಂದರು. ನಾನು ಮಾಡಿಕೊಡುತ್ತೇನೆ, ಬಿಟ್ಟುಹೋಗಿ ಎಂದಳು ಖುರ್ಷೀದ್.

"ನೀನಾ?" ಎಂದರು ಪಂಕಜಮ್ಮ.

"ಯಾಕೆ, ನಂಗೆ ಕೈ ಇಲ್ವಾ?"

ಪಂಕಜಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ನನ್ನ ಗೋದಾಮು ನಿಂತು ಹೋಗಿದೆ, ಕೆಟ್ಟರೆ ಇನ್ನೇನು ಕೆಡುತ್ತದೆ, ಮಾಡು ಎಂದು ಹೋದರು.

ಜಲಾಲನ ಮಂಚವನ್ನು ಜಗಲಿಗೆ ತಂದು ಹಾಕಿದಳು. ಅವನು ಹೇಳುವುದು, ಅವಳು ಮಾಡುವುದು. ಮೂಟೆ ಎತ್ತುವ ಸಿಲಿಂಡರಿನ ಒಳಗಿನ ರಬ್ಬರು ಬಳೆಗಳನ್ನು ಬದಲಾಯಿಸಬೇಕಿತ್ತು. ಮೊದಲ ಸಲ ಒಂದನ್ನು ತಿರುಗಾಮುರುಗಾ ಹಾಕಿ ಮುಖದ ತುಂಬ ಎಣ್ಣೆ ಹೊಡೆಸಿಕೊಂಡಳು. ಎರಡನೆಯ ಸಲ ಬೆರಳು ಜಜ್ಜಿಕೊಂಡಳು. ಅವನು ಮೆಲ್ಲಗೆ ಹೇಳಿದರೆ ಯಾಕೆ ಮೆಲ್ಲಗೆ ಹೇಳುತ್ತೀರಿ ಎಂದು ಬೈದಳು, ಸುಮ್ಮನಾದರೆ ಸುಮ್ಮನಿದ್ದಿದ್ದಕ್ಕೆ ಬೈದಳು. ಕೊನೆಗೂ ಮಿಷನ್ನು ಮೂಟೆ ಎತ್ತಿತು, ಇಳಿಸಿತು. ಪಂಕಜಮ್ಮ ಹೊಗಳಲಿಲ್ಲ. ಆದರೆ ಗೋದಾಮಿಗೆ ಬಂದವರಿಗೆಲ್ಲ ಇದನ್ನು ಸಾಬರ ಹೆಂಡತಿ ಮಾಡಿದ್ದು ಎಂದು ತೋರಿಸಿದರು.

ಹಾಗೆ ಒಂದೊಂದೇ ಬಂದವು. ಎಳನೀರು ಮಂಡಿಯವರ ಫೋರ್ಕ್‌ಲಿಫ್ಟು, ಇಟ್ಟಿಗೆ ಗೂಡಿನವರ ಸಣ್ಣ ಲೋಡರು, ಆಮೇಲೆ ಜೆಸಿಬಿಗಳು. ಮೈದುನ ನಾಸಿರ್ ಮಂಡ್ಯದಿಂದ ಬಂದು, ಮನೆ ಹೆಂಗಸು ರಸ್ತೆ ಮೇಲೆ ಮಿಷನ್ನಿನಡಿ ಮಲಗುವುದು ಖಾನ್‌ದಾನಿಗೆ ನಾಚಿಕೆ ಎಂದ. ಹಾಗಾದರೆ ನಾಳೆಯಿಂದ ನಿಮ್ಮಣ್ಣನಿಗೆ ನೀನೇ ಬಂದು ಸ್ನಾನ ಮಾಡಿಸು, ಮೈ ಹೊರಳಿಸು, ಬಟ್ಟೆ ಒಗೆ, ನಾನು ಪರದೆಯೊಳಗೆ ಕೂರುತ್ತೇನೆ ಎಂದಳು. ನಾಸಿರ್ ಮತ್ತೆ ಆ ಮಾತು ಎತ್ತಲಿಲ್ಲ, ಬರುವುದೂ ಕಮ್ಮಿಯಾಯಿತು.

ವರ್ಷಗಳು ಹೋದವು. ಹೊಸ ಹೆದ್ದಾರಿ ಬಂತು, ಅಂಬರೀಶ್ ಬೆಳೆದ. ಹಬ್ಬ ಬಂದರೆ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಅವನ ಮುಖ. ಖುರ್ಷೀದ್ ಆ ದಾರಿಯಲ್ಲಿ ಹೋಗುವಾಗಲೆಲ್ಲ ತಲೆಯೆತ್ತಿ ಅದನ್ನು ನೋಡಿಯೇ ಹೋಗುತ್ತಿದ್ದಳು. ಮರೆಯಬಾರದು ಎನ್ನುವುದೇ ಅವಳ ಪಣವಾಗಿತ್ತು. ಜಲಾಲ್ ಮಾತ್ರ ಪೂರ್ತಿ ಒಪ್ಪಿಕೊಂಡು ತಣ್ಣಗಾಗಿದ್ದ. ಹೊಸದಾಗಿ ಕೆಲಸ ಕಲಿಯುವವರು ಮಾತಾಡಿಸಲು ಬಂದರೆ, ನನ್ನ ಹಾಗೆ ಮರೆಯಬೇಡಿ ಎಂದು ತನ್ನನ್ನೇ ತೋರಿಸುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಖುರ್ಷೀದ್ ಕೈಯಲ್ಲಿದ್ದ ಸ್ಪ್ಯಾನರನ್ನು ಕಬ್ಬಿಣಕ್ಕೆ ಜೋರಾಗಿ ಬಡಿಯುತ್ತಿದ್ದಳು.

ಹೋದ ವರ್ಷ, ದೀಪಾವಳಿ ಕಳೆದ ಮೇಲೆ, ಒಂದು ಬೆಳಿಗ್ಗೆ ಒಂದು ಜೆಸಿಬಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ರಂಜಿತ ಬಂದ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು, ಆದರೂ ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಮಿಷನ್ನಿನ ಗುರುತೂ ಸಿಕ್ಕಿತು. ಬಣ್ಣ ಹೊಸದು ಬಳಿದಿದ್ದರೂ ಎಡಗಡೆಯ ತೋಳಿನ ಮೇಲಿದ್ದ ಬೆಸುಗೆ ಜಲಾಲನದು. ಅವನ ಬೆಸುಗೆ ಹೆಣಿಗೆಯ ಹಾಗೆ ಸಾಲಾಗಿ ಕೂರುತ್ತದೆ. ಅಂಬರೀಶ್ ಹೊಸ ಮಿಷನ್ನುಗಳನ್ನು ತಂದ ಮೇಲೆ ಹಳೆಯದನ್ನು ರಂಜಿತನಿಗೇ ಮಾರಿದ್ದ. ಈಗ ರಂಜಿತ ಅದನ್ನೇ ಇಟ್ಟುಕೊಂಡು ಅಂಬರೀಶನ ಕೆಳಗೆ ಚಿಲ್ಲರೆ ಕೆಲಸ ಮಾಡುತ್ತಿದ್ದ. ಮಂಡ್ಯದಲ್ಲಿ ಎಲ್ಲರೂ ಇದನ್ನು ಗುಜರಿಗೆ ಹಾಕು ಎಂದರಂತೆ.

"ನಿಮ್ಮನ್ನ ಬುಟ್ರೆ ಯಾರೂ ಮುಟ್ಟಾಕಿಲ್ಲ ಕಣಕ್ಕ," ಎಂದ. ಜಗಲಿಯ ಕಡೆ ನೋಡದೆ ಎಂದ.

ಬಕೆಟ್ಟು ಎತ್ತು ಎಂದಳು ಖುರ್ಷೀದ್. ಎತ್ತಿದ. ತಾನೇ ದಿಮ್ಮಿ ತಂದು ತೋಳಿನಡಿ ನಿಲ್ಲಿಸಿದಳು. ಆವತ್ತಿನ ಅದೇ ಪೈಪು ಸೋರುತ್ತಿತ್ತು. ಸ್ಪ್ಯಾನರ್ ಅವನ ಕೈಗೆ ಕೊಟ್ಟು, ಕೆಳಗೆ ಹೋಗಿ ನಟ್ಟು ಸಡಿಲ ಮಾಡು ಎಂದಳು. ಅವನು ತೂರಿಕೊಂಡು ಹೋಗಿ, ಕೂತು, ನಟ್ಟಿಗೆ ಸ್ಪ್ಯಾನರ್ ಕೊಟ್ಟ. ಒಂದು ಸುತ್ತು ಬಿಟ್ಟಿರಬಹುದು. ಎಣ್ಣೆ ಅಂಚಿನಿಂದ ಜಿನುಗಿತು. ಆಗ ಅವನಿಗೆ ದಿಮ್ಮಿಯ ಮೇಲೆ ಊರಿದ ಖುರ್ಷೀದಳ ಕಾಲು ಕಾಣಿಸಿತು.

"ಅಕ್ಕ, ಕಾಲು ತಗೀರಿ."

"ಯಾಕೆ? ದಿಮ್ಮಿ ಬೇಕಾ ನಿಂಗೆ?"

ಅವನು ಹೊರಗೆ ಬರಲು ಮೈ ತಿರುಗಿಸಿದ. ಅಲ್ಲೇ ಕೂತಿರು ಎಂದಳು. ಅವಳ ಕಾಲು ದಿಮ್ಮಿಯನ್ನು ಸ್ವಲ್ಪ ಒತ್ತಿತು. ಮರ ಕಬ್ಬಿಣಕ್ಕೆ ಉಜ್ಜಿ ಸದ್ದಾಯಿತು.

"ನನ್ ಗಂಡ ಆವತ್ತು ದಿಮ್ಮಿ ಇಟ್ಟಿದ್ರೋ ಇಲ್ವೋ, ಹೇಳು."

ರಂಜಿತ ಎರಡೂ ಕೈಯಲ್ಲಿ ದಿಮ್ಮಿಯನ್ನು ಹಿಡಿದುಕೊಂಡ. ಅಷ್ಟರಲ್ಲಿ ಜಗಲಿಯಿಂದ ಜಲಾಲ್ ಕೂಗಿದ. ಮಂಚದ ಮೇಲೆ ಬಿದ್ದಂದಿನಿಂದ ಅವನು ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ.

"ಖುರ್ಷೀದ್, ಕಾಲು ತೆಗಿ."

ಅವಳು ತೆಗೆದಳು. ದಿಮ್ಮಿಯನ್ನು ತಳ್ಳಿಯೇಬಿಡುತ್ತಿದ್ದಳೋ ಇಲ್ಲವೋ, ಇವತ್ತಿಗೂ ಅವಳು ಹೇಳುವುದಿಲ್ಲ. ರಂಜಿತ ತೆವಳಿಕೊಂಡು ಹೊರಗೆ ಬಂದು ಎಣ್ಣೆ ನೆಲದ ಮೇಲೆಯೇ ಕೂತ. ಯಾರೂ ಕೇಳದೆ ತಾನೇ ಶುರು ಮಾಡಿದ.

"ಇತ್ತು ಕಣಕ್ಕ. ದಿಮ್ಮಿ ಇತ್ತು. ಸಾಬ್ರೇ ಮಡಗಿ ಒದ್ದು ನೋಡಿದ್ರು. ಲೋಡಾಗಿದ್ ಟಿಪ್ಪರ್ರು ಏರಿ ಮೇಲಿಂದ ಜಾರಾಕೆ ಸುರುವಾಯ್ತು. ಅದ್ಕೆ ಬ್ರೇಕಿಲ್ಲ. ದಿಮ್ಮಿ ಕಿತ್ಕಂಡ್ ಬಾರ್ಲಾ ಅಂತ ಅಂಬರೀಸಣ್ಣ ಕೂಗ್ದ. ನಾನು ಕಿತ್ಕಂಡ್ ಓಡ್ದೆ. ಸಾಬ್ರು ಆಚೆಗ್ ಬಂದವ್ರೆ ಅನ್ಕಂಡಿದ್ದೆ. ಚಕ್ರಕ್ಕೆ ಕೊಟ್ಟು ತಿರುಗಿ ನೋಡ್ತೀನಿ, ಬಕೆಟ್ಟು ಕೆಳಗಿತ್ತು."

ಬಕೆಟ್ಟಿನ ಭಾರ ಆಗಿನ್ನೂ ಎಣ್ಣೆಯ ಮೇಲೇ ಇದ್ದುದರಿಂದ ದಿಮ್ಮಿ ಸಲೀಸಾಗಿ ಕೈಗೆ ಬಂದಿತ್ತು. ಕೆಳಗಿದ್ದ ಜಲಾಲ್ ಅದಿದೆ ಎಂಬ ನಂಬಿಕೆಯ ಮೇಲೆ ನಟ್ಟು ಬಿಚ್ಚಿದ್ದ. ಆಂಬುಲೆನ್ಸ್ ಬರುವ ಮೊದಲು ಅಂಬರೀಶ್ ಚಕ್ರಕ್ಕೆ ಕಲ್ಲು ಕೊಡಿಸಿ, ದಿಮ್ಮಿಯನ್ನು ನಾಲೆಗೆ ಎಸೆಸಿದ್ದ. ಬಾಯಿ ಬಿಟ್ಟರೆ ಕಿತ್ತವನು ನೀನು, ಜೈಲಿಗೆ ಹೋಗುವವನೂ ನೀನೇ ಎಂದು ರಂಜಿತನಿಗೆ ಹೇಳಿದ್ದ.

ಯಾವ ಕಡೆ ಇತ್ತು ಎಂದು ಜಲಾಲ್ ಕೇಳಿದ. ಎಡಗಡೆ ಎಂದ ರಂಜಿತ. ಜಲಾಲ್ ಯಾವತ್ತೂ ಇಡುತ್ತಿದ್ದದ್ದು ಎಡಗಡೆಯೇ. ಅವನು ಕಣ್ಣು ಮುಚ್ಚಿದ. ಖುರ್ಷೀದ್ ಅವನು ಅಳುತ್ತಾನೆ ಎಂದುಕೊಂಡಳು. ಅವನು ಪಕ್ಕದಲ್ಲಿದ್ದ ನೀರಿನ ತಂಬಿಗೆ ತೆಗೆದು ರಂಜಿತನ ಮೇಲೆ ಬೀಸಿದ. ಅದು ಅವನ ಭುಜಕ್ಕೆ ಬಿತ್ತು. ಆಮೇಲೆ ಉರ್ದುವಿನಲ್ಲಿ ಬೈಯತೊಡಗಿದ. ಅಂಥ ಮಾತು ಗಂಡನಿಗೆ ಬರುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಬೈದು ಸಾಕಾಗಿ, ಏದುಸಿರು ಬಿಡುತ್ತಾ ಕನ್ನಡದಲ್ಲಿ ಹೇಳಿದ.

"ಇಷ್ಟು ವರ್ಷ ನಮಾಜಲ್ಲಿ ನನ್ ಮರೆವಿಗೆ ಮಾಫಿ ಕೇಳ್ತಿದ್ದೆ ಕಣೋ. ಐದು ಹೊತ್ತೂ ಕೇಳ್ತಿದ್ದೆ."

ರಂಜಿತ ಮಿಷನ್ನು ಬಿಟ್ಟು ಹೊರಟುಹೋದ.

ಮರುದಿನ ಬೆಳಿಗ್ಗೆ ಖುರ್ಷೀದ್ ಅದೇ ಖಾಕಿ ಅಂಗಿಯಲ್ಲಿ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಗೆ ಹೋದಳು. ಅಂಬರೀಶ್ ತನ್ನ ಬೆಂಚಿನಲ್ಲಿದ್ದ, ಸುತ್ತ ಅವನ ಜನ. ಅವಳು ಎದುರಿಗೆ ಹೋಗಿ ನಿಂತಳು.

"ಅಂಬರೀಶಪ್ಪ, ಆವತ್ತು ದಿಮ್ಮಿ ಇತ್ತು."

ಯಾವ ದಿಮ್ಮಿ ಎಂದು ಅವನು ನಕ್ಕ.

"ನಿಮ್ ಟಿಪ್ಪರ್ ಚಕ್ರಕ್ಕೆ ಕೊಟ್ಟಿದ್ದು. ಆಮೇಲೆ ನಾಲೆಗೆ ಎಸೆಸಿದ್ದು."

ಅವನ ಲೋಟ ಬಾಯಿಯ ಹತ್ತಿರ ನಿಂತಿತು. ಎದ್ದು, ಬಾಮ್ಮ ಆ ಕಡೆ ಹೋಗಿ ಮಾತಾಡೋಣ, ನಿನಗೇನು ಸಹಾಯ ಬೇಕೋ ನೋಡೋಣ ಎಂದ. ಅವಳು ಕದಲಲಿಲ್ಲ. ನನ್ನ ಗಂಡ ಬೇಜವಾಬ್ದಾರಿ ಎಂದು ಇದೇ ಬೆಂಚಿನಲ್ಲಿ ಕೂತು ಹೇಳಿದಿರಿ, ಸುಳ್ಳು ಹೇಳಿದೆ ಎಂದು ಇಲ್ಲೇ ಹೇಳಿ, ನನಗೆ ಬೇರೇನೂ ಬೇಡ ಎಂದಳು. ಯಾರು ಹೇಳಿದ್ದು ಇದನ್ನು ಎಂದ. ರಂಜಿತ ಎಂದಳು. ಅಂಬರೀಶ್ ಫೋನು ತೆಗೆದು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ರಂಜಿತನಿಗೆ ಮಾಡಿದ.

"ಏನ್ಲಾ, ಸಾಬಿ ಎಂಡ್ರ ತಾವ ಏನೋ ಯೇಳಿದ್ದೀಯಂತೆ?"

ಸ್ಪೀಕರಿನಲ್ಲಿ ರಂಜಿತನ ದನಿ ಬಂತು.

"ಇಲ್ಲ ಕಣಣ್ಣ. ನಾನೇನೂ ಯೇಳ್ನಿಲ್ಲ."

ಅಂಬರೀಶ್ ಫೋನನ್ನು ಜೇಬಿಗೆ ಹಾಕಿಕೊಂಡು ಟೀ ಮುಗಿಸಿದ. ಬೆಂಚಿನವರು ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಪಾಪ ಎನ್ನುವಂತೆ ನೋಡಿದರು. ಅಲ್ಲಿಂದ ಸೀದಾ ಸ್ಟೇಷನ್ನಿಗೆ ಹೋದಳು. ಇಷ್ಟು ಹಳೇ ವಿಷಯಕ್ಕೆ ಸಾಕ್ಷಿ ಎಲ್ಲಿದೆಯಮ್ಮ, ಇದ್ದರೆ ಕರೆದುಕೊಂಡು ಬಾ ಎಂದು ಕಳಿಸಿದರು.

ಮನೆಗೆ ಬಂದವಳೇ ರಂಜಿತನ ಜೆಸಿಬಿಗೆ ಕೈ ಹಾಕಿದಳು. ರಿಪೇರಿಗಲ್ಲ. ಆವತ್ತು ಶುರು ಮಾಡಿ ವಾರವಿಡೀ ಅದನ್ನು ಬಿಚ್ಚಿದಳು. ಬಕೆಟ್ಟು, ತೋಳು, ಸಿಲಿಂಡರುಗಳು, ಪಂಪು, ಸೀಟು, ಲಿವರುಗಳು. ದಪ್ಪ ಪಿನ್ನುಗಳನ್ನು ಸುತ್ತಿಗೆಯಿಂದ ಹೊಡೆದು ಹೊಡೆದು ಹೊರಗೆ ತೆಗೆದಳು. ಆ ಸದ್ದಿಗೆ ಪಕ್ಕದ ಗದ್ದೆಯವರು ಬೇಲಿಯ ಹತ್ತಿರ ಬಂದು ನೋಡಿ ಹೋದರು. ಅಂಗಳದ ತುಂಬ ಮಿಷನ್ನು ಹಾಸಿಕೊಂಡಿತು. ರಂಜಿತ ಬಂದು ಗೇಟಿನಲ್ಲೇ ನಿಂತುಬಿಟ್ಟ. ಅವನ ಮನೆ ನಡೆಯುತ್ತಿದ್ದದ್ದು ಅದರಿಂದಲೇ.

"ತಗೊಂಡ್ ಹೋಗು ನಿನ್ ಮಿಷನ್ನು," ಎಂದಳು ಖುರ್ಷೀದ್. "ನಾನೇನೂ ಮಾಡ್ಲಿಲ್ಲ ಅಂತ ಫೋನಲ್ಲಿ ಹೇಳ್ತೀನಿ ಬೇಕಾದ್ರೆ."

ಪಂಕಜಮ್ಮ ತಮ್ಮ ಫೋರ್ಕ್‌ಲಿಫ್ಟಿನ ಕೆಲಸಕ್ಕೆ ಬಂದವರು ಇದನ್ನು ನೋಡಿ ಗದರಿದರು. ಅವನು ಹೇಡಿ, ಒಪ್ಪುತ್ತೇನೆ, ಆದರೆ ಇದು ಅವನ ಅನ್ನ ಕಣೇ, ಅನ್ನಕ್ಕೆ ಮಣ್ಣು ಹಾಕಬೇಡ ಎಂದರು. ಹಾಗಾದರೆ ನನ್ನ ಗಂಡನ ಬೆನ್ನು ನಮ್ಮ ಅನ್ನವಾಗಿರಲಿಲ್ಲವೇ ಎಂದು ಖುರ್ಷೀದ್ ತಿರುಗಿಬಿದ್ದಳು. ತನಗೆ ಮೊದಲ ಕೆಲಸ ಕೊಟ್ಟವರ ಮುಖದ ಮೇಲೆ ಹಾಗೆ ಕೂಗಿದೆನಲ್ಲ ಎಂದು ಆಮೇಲೆ ಅನಿಸಿತು, ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವಳನ್ನು ನಿಲ್ಲಿಸಿದ್ದು ಜಲಾಲ್. ರಿಪೇರಿಯಾಗುವ ಮಿಷನ್ನನ್ನು ಹಠಕ್ಕೆ ಬಿಚ್ಚಿ ಬಿಸಾಕುವುದು ಈ ಅಂಗಳದಲ್ಲಿ ನಡೆಯಬಾರದು, ಜೋಡಿಸು ಎಂದ. ನಾನು ಜೋಡಿಸುವುದಿಲ್ಲ ಎಂದಳು. ಇಬ್ಬರಿಗೂ ದೊಡ್ಡ ಜಗಳವಾಯಿತು. ಮೊದಲೆಲ್ಲ ಅವಳು ಕೂಗುವುದು, ಅವನು ಸುಮ್ಮನಿರುವುದು. ಈ ಸಲ ಇಬ್ಬರೂ ಕೂಗಿದರು. ಕೊನೆಗೆ ಜಲಾಲ್, ಹಾಗಾದರೆ ಅವನನ್ನೇ ಕರಿ, ಅವನ ಕೈಯಲ್ಲೇ ಜೋಡಿಸುತ್ತೇನೆ, ಒಂದೊಂದು ಬೋಲ್ಟೂ ನನ್ನ ಎದುರಿಗೆ ಹಾಕಲಿ ಎಂದ.

ಹೀಗೆ ರಂಜಿತ ದಿನಾ ಬೆಳಿಗ್ಗೆ ಬಂಡೂರಿನಿಂದ ಮದ್ದೂರಿಗೆ ಬಂದು, ಜಲಾಲನ ಮಂಚದ ಎದುರು ತನ್ನ ಮಿಷನ್ನನ್ನು ತಾನೇ ಜೋಡಿಸತೊಡಗಿದ. ಜಲಾಲ್ ಅವನನ್ನು ಒಂದು ನಿಮಿಷ ಬಿಡಲಿಲ್ಲ. ಬೋಲ್ಟು ಓರೆಯಾದರೆ ಬೈದ, ಪಿನ್ನು ಕೂರುವ ಬುಶ್ಶಿಗೆ ಗ್ರೀಸು ಕಮ್ಮಿಯಾದರೆ ತೆಗೆದು ಮತ್ತೆ ಹಾಕಿಸಿದ, ಊಟಕ್ಕೆ ಎದ್ದರೆ ಗಡಿಯಾರ ನೋಡಿದ. ಪ್ರತಿ ಸಲ ಭಾರವಾದದ್ದನ್ನು ಎತ್ತುವಾಗಲೂ ದಿಮ್ಮಿ ಇಡಿಸಿ, ಒದೆ, ಇನ್ನೊಂದು ಸಲ ಒದೆ ಎಂದು ಒದೆಸಿದ. ರಂಜಿತ ಹೇಳಿದಷ್ಟು ಸಲವೂ ಒದೆಯುತ್ತಿದ್ದ. ಖುರ್ಷೀದ್ ದೂರದಿಂದ ತನ್ನ ಕೆಲಸ ಮಾಡಿಕೊಂಡು ನೋಡುತ್ತಿದ್ದಳು. ಅವನ ಮೇಲೆ ಕನಿಕರ ಹುಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಊಟದ ಹೊತ್ತಿಗೆ ಅವನಿಗೂ ಒಂದು ತಟ್ಟೆ ಇಡುತ್ತಿದ್ದಳು, ನೆಲಕ್ಕೆ ಕುಕ್ಕಿ ಇಡುತ್ತಿದ್ದಳು.

ನಾಲೆ ಕೆಲಸ ನಿಂತಿದೆ, ಈ ನನ್ಮಗ ಎಲ್ಲಿ ಹೋದ ಎಂದು ಅಂಬರೀಶ್ ಹುಡುಕಿಕೊಂಡು ಕಾರಿನಲ್ಲಿ ಅಂಗಳಕ್ಕೇ ಬಂದ. ಅವತ್ತು ಪಂಕಜಮ್ಮ ಇದ್ದರು, ಎಳನೀರು ಮಂಡಿಯ ಹಮಾಲರೂ ಇದ್ದರು. ಅಂಬರೀಶ್ ಕಾರಿನಿಂದ ಇಳಿದು, ಜಗಲಿಯ ಕಡೆ ಒಂದು ನಮಸ್ಕಾರ ಎಸೆದು, ಇವರ ಮನೆ ಚಾಕರಿ ಮಾಡ್ತಾ ಕೂತಿದ್ದೀಯಲ್ಲೋ, ಏಳು ಎಂದು ರಂಜಿತನಿಗೆ ಹೇಳಿದ. ದಿಮ್ಮಿ ಇಡುವುದನ್ನು ಮರೆತವನ ಹತ್ತಿರ ಏನು ಕಲಿಯುತ್ತೀಯಾ ಎಂದೂ ಸೇರಿಸಿದ. ಅದನ್ನು ಸೇರಿಸದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ.

ರಂಜಿತ ಸ್ಪ್ಯಾನರ್ ಕೆಳಗಿಟ್ಟು ಎದ್ದ.

"ಸಾಬ್ರು ಮರೆತಿರ್ನಿಲ್ಲ ಕಣಣ್ಣ. ನೀನು ಕೀಳು ಅಂದೆ, ನಾನು ಕಿತ್ತೆ."

"ಲೇ, ನಾಳಿಂದ ಕೆಲ್ಸ ಬೇಕೋ ಬ್ಯಾಡ್ವೋ ನಿಂಗೆ?"

"ಬ್ಯಾಡ."

ಅಂಬರೀಶ್ ಸುತ್ತ ನೋಡಿದ. ಹಮಾಲರು ಅವನನ್ನೇ ನೋಡುತ್ತಿದ್ದರು. ಪಂಕಜಮ್ಮ, ನಾನೂ ಕೇಳಿಸಿಕೊಂಡೆ ಕಣಯ್ಯ, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಎಂದರು. ಖುರ್ಷೀದ್ ಕಾರಿನ ಬಾಗಿಲ ಹತ್ತಿರ ಹೋಗಿ ನಿಂತು, ನನ್ನ ಗಂಡನ ಮುಖ ನೋಡಿ ಒಂದು ಮಾತು ಹೇಳಿ ಹೋಗಿ ಎಂದಳು. ಅಂಬರೀಶ್ ಜಗಲಿಯ ಕಡೆ ತಿರುಗಲೇ ಇಲ್ಲ. ಅವಳನ್ನು ಬಳಸಿಕೊಂಡು ಹೋಗಿ ಕಾರು ಹತ್ತಿದ. ಅವಳು ಕೈಯಲ್ಲಿದ್ದ ಗ್ರೀಸನ್ನು ಅವನ ಕಾರಿನ ಬಿಳಿ ಬಾಗಿಲಿಗೆ ಐದು ಬೆರಳೂ ಮೂಡುವಂತೆ ಒರೆಸಿದಳು.

ಆಮೇಲೆ ದೊಡ್ಡದೇನೂ ಆಗಲಿಲ್ಲ. ರಂಜಿತ ಮಿಷನ್ನು ಜೋಡಿಸಿ ಮುಗಿಸಿ, ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಟ್ಟ, ಅದು ಏನಾಯಿತೋ ಇನ್ನೂ ಯಾರೂ ಹೇಳಿಲ್ಲ. ಟೀ ಅಂಗಡಿಯಲ್ಲಿ ಅರ್ಧ ಜನ ನಂಬಿದರು, ಅರ್ಧ ಜನ ಆ ಹೆಂಗಸು ಅವನಿಂದ ಹೇಳಿಸಿದ್ದಾಳೆ ಎಂದರು. ಅಂಬರೀಶನ ಫ್ಲೆಕ್ಸು ಸರ್ಕಲ್ಲಿನಲ್ಲಿ ಈಗಲೂ ಬರುತ್ತದೆ. ಅವನ ಮಿಷನ್ನು ಕೆಟ್ಟು ಬೇರೆಯವರ ಕೈಯಲ್ಲಿ ಹೇಳಿ ಕಳಿಸಿದರೆ, ಅವನೇ ಬಂದು ಜಲಾಲ್ ಜೊತೆ ಮಾತಾಡಲಿ ಎಂದು ಖುರ್ಷೀದ್ ತಿರುಗಿ ಕಳಿಸುತ್ತಾಳೆ. ಅವನು ಬಂದಿಲ್ಲ. ಅವಳ ಸಿಟ್ಟು ಕಮ್ಮಿಯಾಗಿಲ್ಲ, ಕಮ್ಮಿಯಾಗಬೇಕು ಎಂದು ಅವಳಿಗೆ ಅನಿಸಿಯೂ ಇಲ್ಲ.

ಬದಲಾದವನು ಜಲಾಲ್. ತಣ್ಣಗೆ ಮಲಗಿರುತ್ತಿದ್ದ ಮನುಷ್ಯ ಈಗ ಯಾವ ತಪ್ಪನ್ನೂ ಸಹಿಸುವುದಿಲ್ಲ. ಈ ಬೇಸಿಗೆಯಲ್ಲಿ ಶಿವನಸಮುದ್ರದ ಹತ್ತಿರ ಒಂದು ಕಾಮಗಾರಿಯಲ್ಲಿ ಹಳೇ ಜೆಸಿಬಿಯೊಂದು ನಿಂತುಹೋಗಿ ಕರೆ ಬಂದಾಗ, ನಾನೂ ಬರುತ್ತೇನೆ ಎಂದು ಹಠ ಹಿಡಿದ. ಬೇಡವೆಂದಳು. ಕೇಳಲಿಲ್ಲ. ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ, ದಿಂಬು ಕೊಟ್ಟು, ಹಗ್ಗದಿಂದ ಸೊಂಟ ಕಟ್ಟಿ ಅವನನ್ನು ಕೂರಿಸಿಕೊಂಡು ಹೋದಳು. ಮಳವಳ್ಳಿಯ ದಾರಿಯುದ್ದಕ್ಕೂ ಆಟೋದವನಿಗೆ ಗುಂಡಿ ನೋಡಿ ಓಡಿಸು ಎಂದು ಬೈಯುತ್ತ ಹೋದ. ಅಲ್ಲಿ ಮಿಷನ್ನಿನ ಕೆಳಗೆ ಖುರ್ಷೀದ್ ಮಲಗಿದ್ದಳು. ಸೈಟಿನ ಇಂಜಿನಿಯರು, ಡ್ರೈವರು, ಕೂಲಿಯವರು ಸುತ್ತ ನಿಂತಿದ್ದರು. ಯಾರೋ ಒಬ್ಬ ಬೀಡಿ ಹಚ್ಚಿಕೊಂಡು ಮಿಷನ್ನಿಗೆ ಒರಗಲು ಹೋದ. ಆಟೋದ ಮೇಲಿನಿಂದ ಜಲಾಲ್ ಹಾಕಿದ ಕೂಗಿಗೆ ಅವನ ಬೀಡಿ ಕೆಳಗೆ ಬಿತ್ತು.

"ಒಳಗೆ ಮನುಷ್ಯರು ಇದಾರೆ. ದೂರ ನಿಂತ್ಕೊಳ್ರಿ ಎಲ್ಲಾ."

ಎಲ್ಲರೂ ದೂರ ಸರಿದರು. ಕೆಳಗಿನಿಂದ ಖುರ್ಷೀದ್, ಕೂಗಬೇಡಿ, ನನ್ನ ಕೈ ಜಾರುತ್ತದೆ ಎಂದು ಅವನಿಗಿಂತ ಜೋರಾಗಿ ಕೂಗಿದಳು. ಅವನು ಅದಕ್ಕೂ ಒಂದು ಉತ್ತರ ಕೊಟ್ಟ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನವರು ಅಲ್ಲೇನೋ ಹೊಡೆದಾಟ ನಡೆಯುತ್ತಿದೆ ಎಂದುಕೊಂಡು ಕಿಟಕಿಯಿಂದ ಬಗ್ಗಿ ನೋಡಿದರು.